ನೀವು ಕೇಳಿದ್ದು, ನಾನು ಹೇಳಿದ್ದು: ತಲೆ ಒಡೆಯದೆ ತಲೆಯೊಳಗೆ ನೋಡೋದು ಹೇಗೆ?

ಹೋದ ಸಂಚಿಕೆಯಲ್ಲಿ ಮರೆವಿನ ಬಗ್ಗೆ ಎರಡು ಮಾತು ಬರೆದಿದ್ದೇ ತಡ, ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮೆದುಳಿನ ಬಗ್ಗೆಯೇ. ಕೆಲವನ್ನು ಆರಿಸಿಕೊಂಡಿದ್ದೇನೆ. ಮಂಡಿ ನೋವು, ಕೂದಲು ಉದುರುವುದು ಅಂತ ಬರೆದವರು ಬೇಜಾರಾಗಬೇಡಿ, ಮುಂದಿನ ಸಲ ನಿಮ್ಮ ಸರದಿ.

ಮೇಡಂ, ನನ್ನ ಮಗನಿಗೆ ಹನ್ನೊಂದು ವರ್ಷ. ಎರಡು ಸಲ ಫಿಟ್ಸ್ ಬಂತು. ಡಾಕ್ಟರು ಇಇಜಿ ಮಾಡಿಸಲು ಬರೆದುಕೊಟ್ಟಿದ್ದಾರೆ, ಹಿಂದಿನ ರಾತ್ರಿ ಜಾಸ್ತಿ ಹೊತ್ತು ಮಲಗಿಸಬೇಡಿ ಅಂದಿದ್ದಾರೆ. ತಲೆಗೆ ಕರೆಂಟ್ ಕೊಡ್ತಾರೆ, ಮಗು ಮಂಕಾಗಿಬಿಡುತ್ತೆ ಅಂತ ನಮ್ಮತ್ತೆ ಹೆದರಿಸುತ್ತಿದ್ದಾರೆ.
*ಗೃಹಿಣಿ, ಅರಸೀಕೆರೆ*

ಮೊದಲು ನಿಮ್ಮತ್ತೆಯವರಿಗೆ ಧೈರ್ಯ ಹೇಳಿ. ಇಇಜಿಯಲ್ಲಿ ತಲೆಗೆ ಕರೆಂಟ್ ಕೊಡುವುದೇ ಇಲ್ಲ. ತಲೆಯಿಂದ ಬರುವ ಕರೆಂಟನ್ನು ಅಳೆಯುತ್ತಾರೆ, ಅಷ್ಟೆ. ಅದೂ ಎಷ್ಟು ಅಂತೀರಿ? ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ಒಂದೂವರೆ ವೋಲ್ಟ್ ಇರುತ್ತದಲ್ಲ, ಅದರ ಸುಮಾರು ಮೂವತ್ತು ಸಾವಿರದಲ್ಲಿ ಒಂದು ಪಾಲು. ಅಷ್ಟು ಸಣ್ಣದ್ದು ತಲೆಬುರುಡೆ, ಚರ್ಮ ಎಲ್ಲ ದಾಟಿ ಬರುವಷ್ಟರಲ್ಲಿ ಮಸುಕಾಗಿರುತ್ತದೆ. ಅದಕ್ಕೇ ಯಂತ್ರ ಅದನ್ನು ಹಿಗ್ಗಿಸಿ ಗೆರೆ ಎಳೆಯುತ್ತದೆ.

ಹಿಂದಿನ ದಿನ ತಲೆಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ. ಟೆಕ್ನಿಷಿಯನ್ ಟೇಪಿನಲ್ಲಿ ತಲೆ ಅಳೆದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಇಪ್ಪತ್ತರ ಆಸುಪಾಸು ಪುಟಾಣಿ ಬಟ್ಟಲಿನಂಥ ಬಿಲ್ಲೆಗಳನ್ನು ಪೇಸ್ಟ್ ಹಾಕಿ ಅಂಟಿಸುತ್ತಾರೆ. ಆಮೇಲೆ ಕಣ್ಣು ಮುಚ್ಚು, ತೆರೆ, ಜೋರಾಗಿ ಉಸಿರಾಡು ಅನ್ನುತ್ತಾರೆ, ಮಿಣಮಿಣ ಲೈಟ್ ಹಾಕುತ್ತಾರೆ, ಕೊನೆಗೆ ಮಲಗು ಅನ್ನುತ್ತಾರೆ. ನಿದ್ದೆಗೆಡಿಸಿ ಕರೆದುಕೊಂಡು ಬನ್ನಿ ಅಂದಿದ್ದು ಇದಕ್ಕೇ. ಫಿಟ್ಸಿನ ಕುರುಹು ಇದ್ದರೆ ತೂಕಡಿಕೆಯಲ್ಲಿ, ನಿದ್ದೆಯಲ್ಲಿ ಅದು ಹೊರಗೆ ಬರುವ ಸಾಧ್ಯತೆ ಜಾಸ್ತಿ. ನೋವು ಇಲ್ಲ. ಕಷ್ಟ ಅಂದರೆ ಮನೆಗೆ ಬಂದ ಮೇಲೆ ಕೂದಲಿಗೆ ಮೆತ್ತಿದ ಆ ಪೇಸ್ಟ್ ತೆಗೆಯುವುದು, ಎರಡು ಸಲ ಶ್ಯಾಂಪೂ ಹಾಕಬೇಕು.

ಇನ್ನೊಂದು ಮಾತು. ರಿಪೋರ್ಟ್ ನಾರ್ಮಲ್ ಬಂತು ಅಂತ ಫಿಟ್ಸ್ ಇಲ್ಲ ಅಂದುಕೊಂಡು ಮಾತ್ರೆ ನಿಲ್ಲಿಸಬೇಡಿ. ಇಇಜಿ ನೋಡುವುದು ಆ ಅರ್ಧ ಮುಕ್ಕಾಲು ಗಂಟೆಯನ್ನು ಮಾತ್ರ. ಮತ್ತೆ, ಫಿಟ್ಸ್ ಬಂದಾಗ ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಬೇಡ. ಪಕ್ಕಕ್ಕೆ ಮಗ್ಗುಲಾಗಿಸಿ, ಬಾಯಿಗೆ ಏನೂ ತುರುಕಬೇಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಸೀದಾ ಆಸ್ಪತ್ರೆಗೆ ಓಡಿ.

ಇಇಜಿ ಕಂಡುಹಿಡಿದ ಜರ್ಮನಿಯ ಹಾನ್ಸ್ ಬರ್ಗರ್ ಕಥೆ ನನಗೆ ಬಹಳ ಇಷ್ಟ. ಹುಡುಗನಾಗಿ ಸೈನ್ಯದಲ್ಲಿದ್ದಾಗ ಆತ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರದಡಿ ಸಿಕ್ಕುವುದರಲ್ಲಿದ್ದ. ಅದೇ ದಿನ ಸಂಜೆ ಮನೆಯಿಂದ ತಂತಿ ಬಂತು: ಸೋದರಿಯ ಮನಸ್ಸಿಗೆ ಏನೋ ಕೆಟ್ಟದ್ದು ತೋಚುತ್ತಿದೆ, ಹೇಗಿದ್ದೀಯ? ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಹೋಗುವುದನ್ನು ಸಾಬೀತು ಮಾಡಬೇಕು ಎಂಬ ಹುಚ್ಚಿನಲ್ಲಿ ಆತ ಮೆದುಳಿನ ಬೆನ್ನು ಹತ್ತಿದ. 1924ರಲ್ಲಿ ಮನುಷ್ಯನ ಮೆದುಳಿನ ಮೊದಲ ಗೆರೆ ಸಿಕ್ಕಿತು, 1929ರಲ್ಲಿ ಪ್ರಕಟಿಸಿದ. ಎಷ್ಟೋ ಪ್ರಯೋಗಗಳಿಗೆ ಆತ ಕೂರಿಸಿದ್ದು ಸ್ವಂತ ಮಗನನ್ನು! ಟೆಲಿಪತಿ ಸಿಗಲೇ ಇಲ್ಲ. ನಿಮ್ಮ ಮಗನಿಗೆ ಬೇಕಾದ ಪರೀಕ್ಷೆ ಸಿಕ್ಕಿತು.

ಪ್ರೀತಿಯ ಜಾಗ ಮೆದುಳಿನಲ್ಲಿ ಪತ್ತೆಯಾಗಿದೆ ಅಂತ ಪೇಪರಿನಲ್ಲಿ ಕೆಂಪು ಹಳದಿ ಚುಕ್ಕೆ ಇರುವ ಫೋಟೋ ಬಂದಿತ್ತು. ಹಾಗಾದರೆ ಯಾರ ಮನಸ್ಸಿನಲ್ಲಿ ಏನಿದೆ ಅಂತ ಸ್ಕ್ಯಾನ್ ಮಾಡಿ ತಿಳಿಯಬಹುದಾ?
*ಪಿಯುಸಿ ವಿದ್ಯಾರ್ಥಿ, ದಾವಣಗೆರೆ*

ಯಾರದೋ ಮನಸ್ಸು ತಿಳಿಯುವ ಅರ್ಜೆಂಟ್ ಇದ್ದ ಹಾಗಿದೆ! ಕೇಳಿಬಿಡು ಮಾರಾಯ, ಅದೇ ಸುಲಭ.

ಮೊದಲನೆಯದು, ಅದು ಫೋಟೋ ಅಲ್ಲ. ಮೆದುಳಿನಲ್ಲಿ ಕೆಂಪು ಹಳದಿ ದೀಪ ಹತ್ತುವುದಿಲ್ಲ, ಆ ಬಣ್ಣ ಹಚ್ಚಿದ್ದು ಕಂಪ್ಯೂಟರ್. ಇದು ಎಫ್‌ಎಂಆರ್‌ಐ ಎಂಬ ವಿಧಾನ. ಮೆದುಳಿನ ಒಂದು ಭಾಗ ಕೆಲಸಕ್ಕೆ ಇಳಿದರೆ ಅಲ್ಲಿಗೆ ರಕ್ತ ಜಾಸ್ತಿ ಹರಿದುಬರುತ್ತದೆ. ಆಮ್ಲಜನಕ ಹೊತ್ತ ರಕ್ತಕ್ಕೂ ಅದನ್ನು ಇಳಿಸಿ ಬಂದ ರಕ್ತಕ್ಕೂ ಅಯಸ್ಕಾಂತದ ಎದುರು ವರ್ತನೆ ಬೇರೆ. ಆ ವ್ಯತ್ಯಾಸವನ್ನೇ ಹಿಡಿದು ಚಿತ್ರ ಮಾಡಬಹುದು ಅಂತ 1990ರಲ್ಲಿ ತೋರಿಸಿದ್ದು ಜಪಾನಿನ ಸೆಯ್ಜಿ ಒಗಾವ. ಅಂದರೆ ಯಂತ್ರಕ್ಕೆ ಕಾಣುವುದು ಯೋಚನೆ ಅಲ್ಲ, ರಕ್ತ. ಮದುವೆ ಮನೆಯ ಅಂಗಳದಲ್ಲಿ ಕೂತು, ಅಡುಗೆಮನೆಗೆ ಎಷ್ಟು ಕೊಡ ನೀರು ಹೋಯ್ತು ಅಂತ ಎಣಿಸಿದ ಹಾಗೆ. ಒಳಗೆ ಕೆಲಸ ಜೋರಾಗಿದೆ ಅಂತ ಗೊತ್ತಾಗುತ್ತೆ. ಕುದಿಯುತ್ತಿರುವುದು ಸಾರೋ ಪಾಯಸವೋ ಗೊತ್ತಾಗಲ್ಲ.

ಅದೂ ತಡವಾಗಿ. ನರಕೋಶದ ಕೆಲಸ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ನಡೆಯುತ್ತದೆ, ರಕ್ತ ತುಂಬಿ ಹರಿಯುವಷ್ಟರಲ್ಲಿ ಐದಾರು ಸೆಕೆಂಡ್ ಕಳೆದಿರುತ್ತದೆ. ಆ ಚಿತ್ರದ ಒಂದೊಂದು ಚೌಕವೂ ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಅದರೊಳಗೆ ಲಕ್ಷಗಟ್ಟಲೆ ನರಕೋಶ.

ಇನ್ನು ಪ್ರೀತಿ. 2000ರಲ್ಲಿ ಲಂಡನ್ನಿನಲ್ಲಿ ಬಾರ್ಟೆಲ್ಸ್ ಮತ್ತು ಝೆಕಿ ಎಂಬಿಬ್ಬರು, ಪ್ರೀತಿಯಲ್ಲಿ ಮುಳುಗಿದ್ದೇವೆ ಅಂದ 17 ಜನರನ್ನು ಯಂತ್ರದೊಳಗೆ ಮಲಗಿಸಿ, ಪ್ರಿಯರ ಫೋಟೋ ತೋರಿಸಿದರು, ಬರೀ ಸ್ನೇಹಿತರ ಫೋಟೋನೂ ತೋರಿಸಿದರು. ಮೊದಲನೆಯದರಿಂದ ಎರಡನೆಯದನ್ನು ಕಳೆದರು. ಉಳಿದದ್ದೇ ಬಣ್ಣದ ಚುಕ್ಕೆ. ಇಂಥ ಚಿತ್ರ ಎಲ್ಲಿ ನೋಡಿದರೂ ಹಿಂದೆ ಒಂದು ಕಳೆಯುವ ಲೆಕ್ಕ ಇರುತ್ತದೆ, ಯಾವುದರಿಂದ ಯಾವುದನ್ನು ಕಳೆದರು ಅಂತ ಪೇಪರಿನವರು ಬರೆಯುವುದೇ ಇಲ್ಲ. ಹಾಗೆ ಉಳಿದ ಜಾಗಗಳಲ್ಲಿ ಒಂದು ಇನ್ಸುಲಾ. ಹಳಸಿದ ಅನ್ನದ ವಾಸನೆ ಬಂದು ಅಸಹ್ಯ ಆದಾಗಲೂ ಕೆಲಸ ಮಾಡುವುದು ಇನ್ಸುಲಾನೇ. ಆ ಚುಕ್ಕೆ ನೋಡಿ ‘ಓ ಪ್ರೀತಿ’ ಅಂದರೆ ಹೇಗೆ ಹೇಳು?

ಸತ್ತ ಮೀನಿನ ಕಥೆ ಹೇಳದೆ ಮುಗಿಸಲಾರೆ. ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಒಂದು ಸತ್ತ ಸಾಲ್ಮನ್ ಮೀನನ್ನು ಯಂತ್ರದೊಳಗೆ ಇಟ್ಟರು. ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಇವರ ಮನಸ್ಸಿನಲ್ಲಿ ಏನು ಭಾವನೆ ಇರಬಹುದು ಅಂತ ಕೇಳಿದರು. ಶಿಸ್ತಾಗಿ, ಜನರಿಗೆ ಕೇಳುವ ಹಾಗೇ ಕೇಳಿದರು. ಲೆಕ್ಕ ಹಾಕಿದರೆ ಮೀನಿನ ಮೆದುಳಿನಲ್ಲಿ ಚುಕ್ಕೆ ಮಿನುಗಿತು! ಸಾವಿರಾರು ಚೌಕಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರೆ ಕೆಲವು ಸುಮ್ನೆ ಅದೃಷ್ಟದ ಮೇಲೆ ಪಾಸಾಗಿಬಿಡುತ್ತವೆ. ಅದನ್ನು ಸರಿಪಡಿಸುವ ಲೆಕ್ಕ ಹಾಕಿದ ಕೂಡಲೇ ಮೀನು ಮತ್ತೆ ಸತ್ತಿತು. 2009ರ ಈ ಕೆಲಸಕ್ಕೆ 2012ರಲ್ಲಿ ಇಗ್ ನೊಬೆಲ್ ಬಂತು, ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಎಫ್‌ಎಂಆರ್‌ಐ ಸುಳ್ಳು ಅಂತ ಇದರ ಅರ್ಥ ಅಲ್ಲ. ಲೆಕ್ಕ ಸರಿ ಹಾಕಿ ಅಂತ ಅರ್ಥ.

ಸ್ಕ್ಯಾನ್ ಇಲ್ಲದ ಕಾಲದಲ್ಲಿ ಯಾವ ಭಾಗ ಏನು ಮಾಡುತ್ತದೆ ಅಂತ ಹೇಗೆ ಗೊತ್ತಾಯಿತು?
*ಪ್ರೌಢಶಾಲೆ ಶಿಕ್ಷಕಿ, ಶಿರಸಿ*

ಪೆಟ್ಟು ಬಿದ್ದವರಿಂದ. ಕೇಳಲು ಕ್ರೂರ, ಆದರೆ ಅದೇ ನಿಜ. ಎಲ್ಲಿ ಹಾಳಾಯಿತು, ಏನು ನಿಂತುಹೋಯಿತು ಅಂತ ಹೊಂದಿಸಿ ನೋಡುವುದು. 1861ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ಬ್ರೋಕ ಎಂಬ ಸರ್ಜನ್ ಹತ್ತಿರ ಒಬ್ಬ ರೋಗಿ ಬಂದ. ಇಪ್ಪತ್ತೊಂದು ವರ್ಷದಿಂದ ಆಸ್ಪತ್ರೆಯಲ್ಲೇ ಇದ್ದವನು. ಏನು ಕೇಳಿದರೂ ‘ಟಾನ್ ಟಾನ್’ ಅನ್ನುತ್ತಿದ್ದ, ಬೇರೆಯವರ ಮಾತು ಅರ್ಥವಾಗುತ್ತಿತ್ತು. ಕೆಲವೇ ದಿನಕ್ಕೆ ತೀರಿಕೊಂಡ. ತೆರೆದು ನೋಡಿದರೆ ಎಡಗಡೆ ಮುಂಭಾಗ ಹಾಳಾಗಿತ್ತು. ಮಾತು ಹೊರಡಿಸುವ ಆ ಜಾಗಕ್ಕೆ ಇವತ್ತಿಗೂ ಬ್ರೋಕನ ಹೆಸರೇ.

ಆದರೆ ನಿಮ್ಮ ತರಗತಿಯಲ್ಲಿ ಹೇಳಬೇಕಾದ ಕಥೆ ಹೆನ್ರಿ ಮೊಲೈಸನ್‌ದು. ಅಮೆರಿಕದವನು, ತಡೆಯಲಾಗದ ಫಿಟ್ಸ್. 1953ರಲ್ಲಿ, ಅವನಿಗೆ 27 ವರ್ಷ ಇದ್ದಾಗ, ಮೆದುಳಿನ ಒಳಗೆ ಎರಡೂ ಕಡೆ ಇರುವ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನೂ ಅದರ ಅಕ್ಕಪಕ್ಕವನ್ನೂ ಸರ್ಜನ್ ತೆಗೆದುಬಿಟ್ಟರು. ಫಿಟ್ಸ್ ಕಡಿಮೆಯಾಯಿತು. ಹೊಸ ನೆನಪು ಕೂಡಿಡುವುದೂ ನಿಂತುಹೋಯಿತು. ಬಾಲ್ಯ ನೆನಪಿದೆ, ಮಾತು ಬುದ್ಧಿ ಎಲ್ಲ ಸರಿ, ಈಗ ತಾನೇ ಮಾತಾಡಿ ಹೊರಗೆ ಹೋಗಿ ಬಂದವರ ಗುರುತಿಲ್ಲ.

ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವನ ಮುಂದೆ ಕಾಗದ, ಪೆನ್ಸಿಲ್, ಕನ್ನಡಿ ಇಟ್ಟರು. ಎರಡು ಗೆರೆಗಳ ನಡುವೆ ನಕ್ಷತ್ರ ತಿದ್ದಬೇಕು, ಆದರೆ ಕೈ ನೇರವಾಗಿ ಕಾಣಬಾರದು, ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು. ನೀವೂ ಮಾಡಿ ನೋಡಿ, ಮೂಲೆ ಬಂದ ಕೂಡಲೇ ಕೈ ಹಟ ಮಾಡುವ ಕರುವಿನ ಹಾಗೆ ಉಲ್ಟಾ ಎಳೆಯುತ್ತದೆ. ಅವನಿಗೂ ಹಾಗೇ ಆಯಿತು. ಮೂರು ದಿನ ಮಾಡಿಸಿದರು. ತಪ್ಪು ಕಡಿಮೆಯಾಗುತ್ತಾ ಬಂತು, ಕೊನೆಗೆ ಚೆನ್ನಾಗಿಯೇ ತಿದ್ದಿದ. ಆದರೆ ಪ್ರತಿ ಸಲವೂ ಇದನ್ನು ಮೊದಲ ಸಲ ನೋಡುತ್ತಿರುವ ಹಾಗೇ ಇದ್ದ. ಕೈಗೆ ಕಲಿತದ್ದು ಗೊತ್ತು, ಅವನಿಗೆ ಗೊತ್ತಿಲ್ಲ! ನೆನಪು ಒಂದೇ ಚೀಲ ಅಲ್ಲ, ಬೇರೆ ಬೇರೆ ಗಂಟುಗಳು ಅಂತ ಖಚಿತವಾಗಿದ್ದು ಆ ಪೆನ್ಸಿಲ್ಲಿನಿಂದ. ಕೋಟಿ ರೂಪಾಯಿ ಯಂತ್ರ ಬೇಕಾಗಲಿಲ್ಲ. ಬದುಕಿರುವಷ್ಟು ದಿನ ಅವನನ್ನು ಪುಸ್ತಕಗಳಲ್ಲಿ ಎಚ್.ಎಂ. ಅಂತಲೇ ಬರೆಯುತ್ತಿದ್ದರು. 2008ರಲ್ಲಿ ಸತ್ತ ಮೇಲೆ ಪೂರ್ತಿ ಹೆಸರು ಹೊರಬಂತು. ಮರುವರ್ಷ ಅವನ ಮೆದುಳನ್ನು ಹೆಪ್ಪುಗಟ್ಟಿಸಿ 2,401 ತೆಳು ಬಿಲ್ಲೆಗಳಾಗಿ ಕೊಯ್ದರು, ಅದನ್ನು ಇಂಟರ್‌ನೆಟ್ಟಿನಲ್ಲಿ ನೇರ ತೋರಿಸಿದರು. ನಾನು ಸ್ವಲ್ಪ ಹೊತ್ತು ನೋಡಿ ಎದ್ದುಬಿಟ್ಟೆ, ಆಗಲಿಲ್ಲ.

ಇನ್ನೊಂದು ದಾರಿ, ಎಚ್ಚರವಾಗಿದ್ದಾಗಲೇ ಆಪರೇಷನ್. ಮೆದುಳಿಗೆ ತನ್ನದೇ ನೋವು ಗೊತ್ತಾಗುವುದಿಲ್ಲ. ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ಸಾಕು. ಕೆನಡಾದ ವೈಲ್ಡರ್ ಪೆನ್‌ಫೀಲ್ಡ್ ಮೆದುಳಿನ ಮೇಲ್ಮೈಗೆ ಒಂದೊಂದೇ ಕಡೆ ಸಣ್ಣ ಕರೆಂಟ್ ಮುಟ್ಟಿಸಿ ‘ಏನನ್ನಿಸಿತು’ ಅಂತ ರೋಗಿಯನ್ನೇ ಕೇಳುತ್ತಾ ನಕ್ಷೆ ಮಾಡಿದ. ತುಟಿಗೆ, ಹೆಬ್ಬೆರಳಿಗೆ ಸಿಕ್ಕಷ್ಟು ಜಾಗ ಇಡೀ ಬೆನ್ನಿಗೆ ಸಿಕ್ಕಿಲ್ಲ ಅಂತ ಗೊತ್ತಾಗಿದ್ದು ಹಾಗೆ. 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬೆರಳು ಸೆಟೆದುಕೊಳ್ಳುತ್ತಿದ್ದ ಸಂಗೀತಗಾರರೊಬ್ಬರು ಆಪರೇಷನ್ ನಡೆಯುತ್ತಿದ್ದಾಗಲೇ ಗಿಟಾರ್ ನುಡಿಸುತ್ತಿದ್ದರು, ಟಿವಿಯಲ್ಲಿ ನೋಡಿರುತ್ತೀರಿ. ಸರಿಯಾದ ಜಾಗ ಮುಟ್ಟಿದ್ದೇವಾ ಅಂತ ಡಾಕ್ಟರಿಗೆ ಹೇಳುತ್ತಿದ್ದದ್ದು ಆ ಬೆರಳುಗಳೇ.

ಎಂಆರ್‌ಐಗೆ ತಾಳಿ ತೆಗೆಯಲೇಬೇಕಾ? ಚಿನ್ನಕ್ಕೆ ಅಯಸ್ಕಾಂತ ಹಿಡಿಯಲ್ಲ ಅಲ್ವಾ?
*ಓದುಗರು, ಹಿರಿಯೂರು*

ಹಿಡಿಯಲ್ಲ, ನಿಜ. ಆದರೂ ತೆಗೆಯಿರಿ ಅಮ್ಮ. ಸರದ ಕೊಂಡಿಯಲ್ಲಿ, ಬೆಸುಗೆಯಲ್ಲಿ ಏನು ಬೆರೆತಿದೆ ಅಂತ ಹೊರಗೆ ನಿಂತ ಟೆಕ್ನಿಷಿಯನ್‌ಗೆ ಗೊತ್ತಿಲ್ಲ. ಲೋಹ ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ. ತಾಳಿ ಬಿಚ್ಚಿ ಅರಿಶಿನ ದಾರ ಕಟ್ಟಿಕೊಂಡು ಒಳಗೆ ಹೋಗುವವರು ಬೇಕಾದಷ್ಟು ಜನ, ನಾನೂ ಹಾಗೇ ಹೋಗಿದ್ದೆ. ಕಾಲುಂಗುರ, ಮೂಗುಬೊಟ್ಟು, ಹೇರ್‌ಪಿನ್, ಸೀರೆಯ ಸೇಫ್ಟಿಪಿನ್ ಕೂಡ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಆ ಅಯಸ್ಕಾಂತ ಸಾಮಾನ್ಯದ್ದಲ್ಲ. ಮೂರು ಟೆಸ್ಲಾ ಯಂತ್ರ ಅಂದರೆ ಭೂಮಿಯ ಅಯಸ್ಕಾಂತ ಬಲದ ಸುಮಾರು ಅರವತ್ತು ಸಾವಿರ ಪಟ್ಟು. ಸ್ಕ್ಯಾನ್ ನಡೆಯದಿದ್ದಾಗಲೂ ಅದು ಆನ್ ಇರುತ್ತದೆ, ಎಷ್ಟೋ ಜನಕ್ಕೆ ಇದೇ ಗೊತ್ತಿಲ್ಲ. 2018ರಲ್ಲಿ ಮುಂಬೈಯಲ್ಲಿ ರೋಗಿಯ ಕಡೆಯವರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋಗಿ, ಸಿಲಿಂಡರ್ ಸಮೇತ ಎಳೆಯಲ್ಪಟ್ಟು ಪ್ರಾಣ ಕಳೆದುಕೊಂಡರು.

ಇನ್ನು ಆ ಸದ್ದು. ಟಕಟಕ, ಗರ್‌ರ್‌, ಮತ್ತೆ ಟಕಟಕ. ಒಳಗಿನ ಸುರುಳಿಗಳಿಗೆ ಕರೆಂಟ್ ಹಾಯಿಸಿ ನಿಲ್ಲಿಸಿ ಮಾಡುವಾಗ ಅವು ಅದುರುವ ಸದ್ದು ಅದು. ಕೈಗೆ ಒಂದು ರಬ್ಬರ್ ಬುರುಡೆ ಕೊಡುತ್ತಾರೆ, ಗಾಬರಿಯಾದರೆ ಒತ್ತಿ. ನಾನು ಮೊದಲ ಸಲ ಎರಡೇ ನಿಮಿಷಕ್ಕೆ ಒತ್ತಿದ್ದೆ!

ನಾವು ಮೆದುಳಿನ ಶೇ. 10ರಷ್ಟನ್ನೇ ಬಳಸುತ್ತೇವೆ ಅನ್ನುವುದು ನಿಜವಾ?
*ಮೈಸೂರಿನಿಂದ ಮೂವರು, ಹೊಸಪೇಟೆಯಿಂದ ಒಬ್ಬರು*

ಅಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ಸ್ವಲ್ಪ ವಿಕಿರಣ ಬೆರೆಸಿದ ಸಕ್ಕರೆಯಂಥ ವಸ್ತು ಕೊಟ್ಟು, ಅದನ್ನು ಯಾವ ಭಾಗ ಎಷ್ಟು ತಿನ್ನುತ್ತದೆ ನೋಡುತ್ತಾರೆ. ಸುಮ್ಮನೆ ಮಲಗಿದ್ದರೂ ಇಡೀ ಮೆದುಳು ತಿನ್ನುತ್ತಿರುತ್ತದೆ. ಮೈತೂಕದಲ್ಲಿ ಶೇ. 2 ಇರುವ ಅಂಗ, ಉಣ್ಣುವುದು ಶಕ್ತಿಯ ಶೇ. 20. ಸುಮ್ನೆ ಕೂತ ಶೇ. 90ಕ್ಕೆ ಯಾವ ಮೈ ಊಟ ಹಾಕುತ್ತದೆ?

ಬ್ರೇನ್ ಮ್ಯಾಪಿಂಗ್ ಮಾಡಿ ಕಳ್ಳನನ್ನು ಹಿಡಿಯಬಹುದಲ್ಲ, ಈಗ ಯಾಕೆ ಸುದ್ದಿಯಲ್ಲಿ ಕಡಿಮೆ?
*ನಿವೃತ್ತ ಪೊಲೀಸ್ ಸಿಬ್ಬಂದಿ, ತುಮಕೂರು*

ಸುಪ್ರೀಂ ಕೋರ್ಟ್ ತಡೆಹಾಕಿದ್ದಕ್ಕೆ ಸಾರ್. ಆ ಪ್ರಕರಣದಲ್ಲಿ ಇರುವುದು ನಮ್ಮ ರಾಜ್ಯದ ಹೆಸರೇ: ಸೆಲ್ವಿ ಮತ್ತು ಕರ್ನಾಟಕ ಸರ್ಕಾರ. 2010ರ ಮೇ 5ರ ತೀರ್ಪು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಬ್ರೇನ್ ಮ್ಯಾಪಿಂಗ್, ಮೂರನ್ನೂ ಆರೋಪಿಯ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ಫಲಿತಾಂಶವೇ ಸಾಕ್ಷಿ ಆಗುವುದಿಲ್ಲ.

ವಿಜ್ಞಾನದ ಕಡೆಯಿಂದಲೂ ಅದು ಸರಿ. ಬ್ರೇನ್ ಮ್ಯಾಪಿಂಗ್‌ನಲ್ಲಿ ಬಳಸುವುದು ಅದೇ ಅರಸೀಕೆರೆ ಹುಡುಗನ ಇಇಜಿ. ಗುರುತಿರುವ ವಸ್ತು ಕಂಡ ಸುಮಾರು 300 ಮಿಲಿಸೆಕೆಂಡಿಗೆ ಗೆರೆ ಒಂದು ಸಲ ಏಳುತ್ತದೆ. ಆದರೆ ಮನೆಯ ಮಚ್ಚನ್ನು ಮನೆಯವರೆಲ್ಲ ಗುರುತು ಹಿಡಿಯುತ್ತಾರೆ, ಬೀಸಿದವನೂ ಬೀಸದವನೂ. ಟಿವಿಯಲ್ಲಿ ನೋಡಿದ ಪಕ್ಕದ ಮನೆಯವನೂ.

ಮನುಷ್ಯನ ಮೆದುಳಲ್ಲಿ 8,600 ಕೋಟಿ ನರಕೋಶ ಇವೆ ಅಂತ ಓದಿದೆ. ಯಾರು ಕೂತು ಎಣಿಸಿದರು?
*8ನೇ ತರಗತಿ, ಗಂಗಾವತಿ*

ಶಭಾಷ್ ಪುಟ್ಟ! ಈ ತಿಂಗಳ ಒಳ್ಳೆಯ ಪ್ರಶ್ನೆ ನಿನ್ನದೇ.

ಬಹಳ ಕಾಲ ಎಲ್ಲರೂ 10,000 ಕೋಟಿ ಅಂತ ಬರೆಯುತ್ತಿದ್ದರು. ಎಣಿಸಿದವರು ಯಾರು ಅಂತ ಕೇಳಿದರೆ ಸರಿಯಾದ ಉತ್ತರವೇ ಇರಲಿಲ್ಲ. ಬ್ರೆಜಿಲ್ ದೇಶದ ಸುಜಾನ ಹರ್ಕ್ಯುಲಾನೊ-ಹೌಜೆಲ್ ಮತ್ತು ಜೊತೆಗಾರರು ಒಂದು ಉಪಾಯ ಮಾಡಿದರು: ಮೆದುಳಿನ ಸಾರು! ದಾನ ಬಂದ ಮೆದುಳನ್ನು ತುಂಡು ಮಾಡಿ, ಸೋಪಿನಂಥ ದ್ರಾವಣದಲ್ಲಿ ಚೆನ್ನಾಗಿ ಅರೆದರು. ಕೋಶದ ಹೊರಪೊರೆ ಕರಗಿತು, ಒಳಗಿನ ಬೀಜ, ನಿಮ್ಮ ಪಾಠದಲ್ಲಿ ಕೋಶಕೇಂದ್ರ ಅಂತಾರಲ್ಲ, ಅದು ಉಳಿಯಿತು. ಒಂದು ಕೋಶಕ್ಕೆ ಒಂದು ಬೀಜ. ಚೆನ್ನಾಗಿ ಕದಡಿ, ಒಂದು ತೊಟ್ಟು ತೆಗೆದು, ಮೈಕ್ರೋಸ್ಕೋಪಿನಲ್ಲಿ ಎಣಿಸಿ, ಗುಣಿಸಿದರು. ನರಕೋಶದ ಬೀಜಕ್ಕೆ ಮಾತ್ರ ಹಿಡಿಯುವ ಬಣ್ಣ ಹಾಕಿ ಬೇರೆ ಕೋಶಗಳಿಂದ ಬೇರ್ಪಡಿಸಿದರು. ಅಮ್ಮ ಒಂದು ಅಗುಳು ಹಿಚುಕಿ ಇಡೀ ಅನ್ನ ಬೆಂದಿದೆ ಅನ್ನಲ್ವಾ, ಹಾಗೇ. 2009ರಲ್ಲಿ ಬಂದ ಲೆಕ್ಕ ಸುಮಾರು 8,600 ಕೋಟಿ. ನಾಲ್ಕು ಜನರ ಮೆದುಳಿನ ಸರಾಸರಿ ಅದು, ಹಾಗಾಗಿ ನಿನ್ನದರಲ್ಲಿ ಸ್ವಲ್ಪ ಆಚೀಚೆ ಇರಬಹುದು. ತಮಾಷೆ ಅಂದರೆ ಅದರಲ್ಲಿ 6,900 ಕೋಟಿ ಇರುವುದು ಹಿಂದೆ ಕೆಳಗಿರುವ ಪುಟ್ಟ ಮುದ್ದೆಯಂಥ ಕಿರುಮೆದುಳಿನಲ್ಲಿ.

ನಮ್ಮ ಕಡೆ ಹಳ್ಳಿಗಳಲ್ಲಿ ವಯಸ್ಸಾದವರ ರಕ್ತ ತೆಗೆದು, ಏನೇನೋ ಪ್ರಶ್ನೆ ಕೇಳಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸುತ್ತಾರೆ. ರೋಗ ಇಲ್ಲದವರನ್ನು ಯಾಕೆ ನೋಡುತ್ತಾರೆ?
*ಮಾವಿನ ತೋಟದವರು, ಶ್ರೀನಿವಾಸಪುರ*

ರೋಗ ಇಲ್ಲ ಅಂತಲೇ. ಅದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೇನ್ ರಿಸರ್ಚ್‌ನವರ ಅಧ್ಯಯನ. ನಿಮ್ಮ ತಾಲ್ಲೂಕಿನ 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ. ಮರೆವಿನ ಕಾಯಿಲೆ ಕಣ್ಣಿಗೆ ಬೀಳುವ ಹೊತ್ತಿಗೆ ಮೆದುಳಿನಲ್ಲಿ ಅದು ಶುರುವಾಗಿ ಎಷ್ಟೋ ವರ್ಷ ಆಗಿರುತ್ತದೆ. ಮಾವು ಕೊಳೆತ ಮೇಲೆ ಹಣ್ಣು ಹಿಡಿದು ನೋಡಿದರೆ ಏನು ಪ್ರಯೋಜನ, ಹೂ ಬಿಟ್ಟಾಗಿನಿಂದ ನೋಡಬೇಕು ಅಂತ ನಿಮಗೆ ನಾನು ಹೇಳಬೇಕಾ? ಇಂಥ ದೊಡ್ಡ ಅಧ್ಯಯನಗಳು ಬಹುಪಾಲು ನಡೆದದ್ದು ಅಮೆರಿಕ, ಯುರೋಪಿನ ಜನರ ಮೇಲೆ. ಅಲ್ಲಿನ ಪರೀಕ್ಷೆಯಲ್ಲಿ ‘ವಾಕ್ಯ ಬರೆಯಿರಿ’ ಅನ್ನುತ್ತಾರೆ. ಓದುಬರಹ ಬಾರದ, ಆದರೆ ಮೂವತ್ತು ವರ್ಷದ ಸಾಲದ ಲೆಕ್ಕ ಬಾಯಲ್ಲೇ ಹೇಳುವ ಅಜ್ಜಿ ಅದರಲ್ಲಿ ಫೇಲ್. ನಮ್ಮವರನ್ನು ಅಳೆಯಲು ನಮ್ಮ ಅಳತೆಗೋಲು ಬೇಕು. ಇಷ್ಟವಿದ್ದರೆ ಮಾತ್ರ ಸೇರಿ, ಬೇಡ ಅಂದರೆ ಬೇಡ ಅನ್ನುವ ಹಕ್ಕು ನಿಮಗಿದೆ.

ನನಗೆ 71. ಸತ್ತ ಮೇಲೆ ಮೆದುಳು ದಾನ ಮಾಡಬೇಕೆಂದಿದ್ದೇನೆ. ಮಗಳಿಗೆ ಇಷ್ಟವಿಲ್ಲ. ಇಷ್ಟೆಲ್ಲ ಸ್ಕ್ಯಾನ್ ಇರುವಾಗ ಸತ್ತ ಮೆದುಳು ಯಾರಿಗೆ ಬೇಕು ಅನ್ನುತ್ತಾಳೆ.
*ನಿವೃತ್ತ ಬ್ಯಾಂಕ್ ಉದ್ಯೋಗಿ, ಬೆಂಗಳೂರು*

ಬೇಕು, ಈಗಲೂ ಬೇಕು. ಸ್ಕ್ಯಾನ್ ಎಷ್ಟೇ ಚೆನ್ನಾಗಿದ್ದರೂ ಒಂದೊಂದು ಕೋಶವನ್ನು ತೋರಿಸುವುದಿಲ್ಲ. ಆಲ್ಜೈಮರ್ ಎಂಬ ಡಾಕ್ಟರು 1906ರಲ್ಲಿ ತೀರಿಹೋದ ತಮ್ಮ ರೋಗಿಯ ಮೆದುಳನ್ನು ಮೈಕ್ರೋಸ್ಕೋಪಿನಡಿ ಇಟ್ಟಾಗಲೇ ಮರೆವಿನ ಕಾಯಿಲೆಯ ಆ ಕಲೆಗಳು, ಸಿಕ್ಕುಗಳು ಕಂಡದ್ದು. ಪೂರ್ತಿ ಖಚಿತಪಡಿಸಿಕೊಳ್ಳಲು ಇವತ್ತಿಗೂ ಆ ದಾರಿಯೇ. ಆರೋಗ್ಯವಂತರ ಮೆದುಳೂ ಬೇಕು, ಹೋಲಿಸಿ ನೋಡಲು.

ನಿಮ್ಮ ಊರಿನಲ್ಲೇ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಬ್ಯಾಂಕಿನವರಿಗೆ ಬ್ಯಾಂಕ್ ಪರಿಚಯ ಮಾಡಿಸಬೇಕಿಲ್ಲ. ಆದರೆ ಇಲ್ಲಿ ನೀವು ಸಹಿ ಹಾಕಿದರೂ ಕೊನೆಗೆ ಫೋನ್ ಮಾಡಬೇಕಾದವಳು ಮಗಳೇ, ಅದೂ ಗಂಟೆಗಳ ಲೆಕ್ಕದಲ್ಲಿ. ತಡವಾದಷ್ಟೂ ಅಂಗಾಂಶ ಕೆಡುತ್ತದೆ. ಹಾಗಾಗಿ ಅವಳು ಒಪ್ಪದಿದ್ದರೆ ನಿಮ್ಮ ಕಾಗದಕ್ಕೆ ಬೆಲೆ ಕಡಿಮೆ. ಮುಖಕ್ಕೆ ಏನೂ ಆಗುವುದಿಲ್ಲ, ಹೊಲಿದು ಕೊಡುತ್ತಾರೆ, ಕ್ರಿಯೆಗೆ ಅಡ್ಡಿಯಿಲ್ಲ ಅಂತ ಹೇಳಿ. ಅವಳ ಭಯ ಬಹುಶಃ ಅದೇ ಇರಬೇಕು, ಸ್ಕ್ಯಾನ್ ಬರೀ ನೆಪ.

ಒಂದು ದಿನ ಅಲ್ಲಿನ ಮೆದುಳು ಮ್ಯೂಸಿಯಂಗೆ ಅವಳನ್ನು ಕರೆದುಕೊಂಡು ಹೋಗಿ. ಗಾಜಿನ ಡಬ್ಬಿಗಳಲ್ಲಿ ಸಾಲಾಗಿ ಇಟ್ಟಿದ್ದಾರೆ, ಕೈಗವಸು ಹಾಕಿಸಿ ಮುಟ್ಟಿ ನೋಡಲೂ ಕೊಡುತ್ತಾರೆ. ಆಗ ತಾನೇ ತೆಗೆದ ಮೆದುಳು ಗಿಣ್ಣಿನಷ್ಟು ಮೆತ್ತಗೆ, ಅಂಗೈಯಲ್ಲಿ ನಿಲ್ಲುವುದೇ ಇಲ್ಲ. ಅಲ್ಲಿ ಇರುವುದು ಫಾರ್ಮಲಿನ್‌ನಲ್ಲಿ ಗಟ್ಟಿಯಾದದ್ದು, ಸುಮಾರು ಒಂದೂಕಾಲು ಕೆಜಿ ತೂಗುತ್ತದೆ. ಮೂಗಿಗೆ ಸ್ವಲ್ಪ ಘಾಟು ಹೊಡೆಯುತ್ತದೆ, ಕರವಸ್ತ್ರ ಇಟ್ಟುಕೊಳ್ಳಿ. ಹೋಗುವ ಮೊದಲು ಫೋನ್ ಮಾಡಿ ಯಾವ ದಿನ, ಎಷ್ಟು ಹೊತ್ತಿಗೆ ತೆರೆದಿರುತ್ತದೆ ಕೇಳಿಕೊಳ್ಳಿ.